ಸಣ್ಣ ನೂಲಿನ ಬಾನಿ ನೀರು

ನಾನೊಂದು ಗಾಜಿನ ಕೊಳವೆ. ಓದಿದವರು ನನ್ನನ್ನು ಬ್ಯುರೆಟ್ ಎನ್ನುತ್ತಾರೆ. ಒಂದೂವರೆ ಮೊಳ ಉದ್ದ, ಕಿರುಬೆರಳಿನ ದಪ್ಪ. ಬುಡದಲ್ಲೊಂದು ಗಾಜಿನ ಬಿರಡೆ, ಅದರ ಕೆಳಗೆ ಚೂಪು ಮೂತಿ. ಮೈತುಂಬ ಗೆರೆಗಳು, ನೆತ್ತಿಯಲ್ಲಿ ಸೊನ್ನೆ, ಕೆಳಗೆ ಐವತ್ತು. ಪಾವು ಸೇರುಗಳೆಲ್ಲ ತಮ್ಮೊಳಗೆ ತುಂಬಿದ್ದನ್ನು ಅಳೆಯುತ್ತವೆ. ನನ್ನ ರೀತಿ ಬೇರೆ. ನನ್ನಲ್ಲಿ ಉಳಿದದ್ದು ಯಾರಿಗೂ ಬೇಡ, ನನ್ನಿಂದ ಹೋದದ್ದೇ ಲೆಕ್ಕ.

ಹುಟ್ಟಿದ್ದು ಇಲ್ಲಿಂದ ಬಲು ದೂರ, ಗೋಧಿ ಬೆಳೆಯುವ ಸೀಮೆಯ ಒಂದು ಪಟ್ಟಣದಲ್ಲಿ. ಉರಿಯ ಮುಂದೆ ಕೂತ ಮುದುಕನೊಬ್ಬ ನನ್ನನ್ನು ತಿರುಗಿಸಿ ತಿರುಗಿಸಿ ನೆಟ್ಟಗೆ ಎಳೆದ. ತಣ್ಣಗಾದ ಮೇಲೆ ಮೈಗೆಲ್ಲ ಮೇಣ ಬಳಿದರು. ಮೇಣದ ಮೇಲೆ ಸೂಜಿಯಲ್ಲಿ ಗೆರೆ ಕೊರೆದು, ಗಾಜನ್ನೂ ತಿನ್ನುವಂಥ ಆಮ್ಲದಲ್ಲಿ ಅದ್ದಿದರು. ಮೇಣವಿದ್ದ ಕಡೆ ಉಳಿದೆ, ಕೊರೆದ ಕಡೆ ಸವೆದೆ. ಅಲ್ಲಿಂದ ಹುಲ್ಲಿನ ಪೆಟ್ಟಿಗೆಯಲ್ಲಿ ಮಲಗಿ ಮೈಸೂರಿಗೆ ಬಂದೆ. ಅಂಗಡಿಯ ಬೀರುವಿನಲ್ಲಿ ಕೆಲವು ಕಾಲ ಧೂಳು ಕುಡಿದೆ. ಆಮೇಲೆ ಒಂದು ದಿನ, ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೆ, ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಸಿಕೊಂಡು ಹುಣಸೇಗಾಲಕ್ಕೆ ಹೋದೆ.

ಹಾಗೆ ನನ್ನನ್ನು ಹೊತ್ತವರು ಪಶುಪತಪ್ಪನವರು. ಹುಣಸೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಫ್ಯಾಕ್ಟರಿ ಇತ್ತು. ಅಲ್ಲಿ ನೀರು ಪರೀಕ್ಷಿಸುವುದು ಅವರ ಕೆಲಸ. ಹೆಂಗಸರು ಅವರ ಬೆನ್ನ ಹಿಂದೆ ‘ನೀರಪ್ಪ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಜಾರಿರಲಿಲ್ಲ.

ನೀರನ್ನು ಯಾಕೆ ಪರೀಕ್ಷಿಸಬೇಕು ಎಂದರೆ, ಗೂಡಿನ ಎಳೆಗೆ ಒಂದು ಅಂಟಿರುತ್ತದೆ. ಹುಳು ಉಗುಳಿದ ಅಂಟು. ಬಿಸಿನೀರಿನಲ್ಲಿ ಕ್ಷಾರ ಹದವಾಗಿದ್ದರೆ ಆ ಅಂಟು ಬೇಕಾದಷ್ಟೇ ಸಡಿಲಿ ಎಳೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಕ್ಷಾರ ಕಡಿಮೆಯಾದರೆ ಗೂಡು ಮೊಂಡು ಹಿಡಿಯುತ್ತದೆ. ಹೆಚ್ಚಾದರೆ ಅಂಟೆಲ್ಲ ಕರಗಿ ನೂಲಿನ ಮೈ ಗುಂಗುರು ಏಳುತ್ತದೆ. ಮನುಷ್ಯರ ಚರ್ಮದಲ್ಲಿಯೂ ಅಂಥದೇ ಒಂದು ಜಿಡ್ಡಿದೆ. ಕ್ಷಾರಕ್ಕೆ ಗೂಡು ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ.

ದಿನಾ ಬೆಳಿಗ್ಗೆ ಪಶುಪತಪ್ಪ ಬಾವಿಯ ನಲ್ಲಿಯಿಂದ ನೀರು ಹಿಡಿದು ತರುವರು. ನನ್ನನ್ನು ಸ್ಟ್ಯಾಂಡಿಗೆ ಕಚ್ಚಿಸಿ ಹೊಟ್ಟೆ ತುಂಬ ತೆಳು ಮಾಡಿದ ಆಮ್ಲ ಹುಯ್ಯುವರು. ಕೆಳಗೆ ಬಿಳಿ ಹೆಂಚು, ಅದರ ಮೇಲೆ ಗಾಜಿನ ಬುಡ್ಡಿಯಲ್ಲಿ ನೀರು. ಮೊದಲು ಒಂದು ಮದ್ದಿನ ತೊಟ್ಟು ಬಿಡುವರು; ಸೋಡಾದಂಥ ಕಟು ಕ್ಷಾರವಿದ್ದರೆ ನೀರು ಗುಲಾಬಿಯಾಗಬೇಕು. ನಮ್ಮ ಬಾವಿ ನೀರು ಒಂದು ದಿನವೂ ಆಗಿದ್ದಿಲ್ಲ. ಆಮೇಲೆ ಇನ್ನೊಂದು ಮದ್ದು, ನೀರು ಹಳದಿಯಾಗುವುದು. ಆಗ ನನ್ನ ಬಿರಡೆಯನ್ನು ಎಡಗೈಯಲ್ಲಿ ಮೆತ್ತಗೆ ತಿರುಗಿಸಿ, ಬಲಗೈಯಲ್ಲಿ ಬುಡ್ಡಿ ಕಲಕುತ್ತ, ತೊಟ್ಟು ತೊಟ್ಟಾಗಿ ಆಮ್ಲ ಬಿಡುವರು. ಹಳದಿ ಎಲ್ಲಿ ಕಿತ್ತಳೆಗೆ ತಿರುಗಿತೋ ಅಲ್ಲಿ ನಿಲ್ಲಿಸಿ, ಮೊಣಕಾಲು ಮಡಚಿ, ನನ್ನ ಗೆರೆಯ ನೇರಕ್ಕೆ ಕಣ್ಣಿಟ್ಟು ಎಷ್ಟು ಇಳಿದೆ ಎಂದು ನೋಡುವರು.

ನನ್ನ ಕೋಣೆಗೆ ಒಂದೇ ಕಿಟಕಿ. ಅದರಾಚೆ ಗೂಡು ಬೇಯಿಸುವ ಸಾಲು. ಅಲ್ಲಿಂದ ಹೆಂಗಸರು ಇಣುಕಿ ನಗುತ್ತಿದ್ದರು.

“ನೋಡ್ರವ್ವ, ನೀರಪ್ನೋರು ಗಾಜಿನ ಹಸ ಕರೀತಾವ್ರ.”

“ಎಷ್ಟು ಕರದ್ರೂ ಒಂದು ಕಾಪಿಗಾಗಲ್ಲ ಕನ.”

“ಅಷ್ಟು ಬಗ್ಗಿ ದೇವರಿಗ ಕೈ ಮುಗುದ್ರ ಮಳೆನಾದ್ರೂ ಬಂದಿರದು.”

ಈ ಕೊನೆಯ ಮಾತು ಹೆಚ್ಚಾಗಿ ಶಿವಮ್ಮನದು. ಶಿವಮ್ಮ ಸಣ್ಣ ನೂಲಿನ ಬಾನಿಯವಳು. ಫ್ಯಾಕ್ಟರಿಯಲ್ಲಿ ಕೂದಲಿಗಿಂತ ತೆಳ್ಳಗಿನ ನೂಲು ತೆಗೆಯುವುದಕ್ಕೆ ಒಂದೇ ಒಂದು ಬಿಸಿನೀರಿನ ಬೇಸಿನ್ ಇತ್ತು. ಅದಕ್ಕೆ ಬೇಕಾದ ಗೂಡು ಬೇಯಿಸುವುದಕ್ಕೆ ಒಂದು ಚಿಕ್ಕ ಬಾನಿ. ಬೇರೆ ಬಾನಿಯ ಗೂಡು ಆ ಬೇಸಿನ್ನಿಗೆ ಹೋಗುತ್ತಿರಲಿಲ್ಲ, ಆ ಬಾನಿಯದು ಬೇರೆ ಕಡೆಗೆ ಹೋಗುತ್ತಿರಲಿಲ್ಲ. ಬೆಂದ ಗೂಡು ಬಾನಿಯ ನೀರಿನ ಸಮೇತವೇ ಬೇಸಿನ್ನಿಗೆ ಬೀಳುತ್ತಿತ್ತು. ಬೇಸಿನ್ನಿನ ಮುಂದೆ ಕೂರುತ್ತಿದ್ದವಳು ನಂಜಮಣಿ, ಶಿವಮ್ಮನ ಅಕ್ಕನ ಮಗಳು. ತಾಯಿ ಸತ್ತಾಗ ಎದೆಹಾಲು ಬಿಡದ ಕೂಸು. ಗಂಡ, ಮಕ್ಕಳು ಎಂದು ಯಾರೂ ಇಲ್ಲದ ಶಿವಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು, ಬಾನಿಯ ಪಕ್ಕದ ಗೂಡಿನ ಮಂಕರಿಯಲ್ಲಿ ಮಲಗಿಸಿ ಸಾಕಿದ್ದಳಂತೆ. ನಂಜಮಣಿ ಹೊಗೆಯ ನಡುವೆಯೇ ತೆವಳಿ, ಹಬೆಯ ನಡುವೆಯೇ ನಡೆದು, ಕೊನೆಗೆ ಆ ಬೇಸಿನ್ನಿನ ಮುಂದೆ ಬಂದು ಕೂತಳು.

ಅವಳ ಬೆರಳುಗಳನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಎಳೆಯ ತುದಿ ಕಣ್ಣಿಗೆ ಕಾಣುವಂಥದಲ್ಲ. ಕುದಿಯುವ ಗೂಡಿನ ಮೈಮೇಲೆ ಬೆರಳ ತುದಿ ಸವರಿ ಅದನ್ನು ಹುಡುಕಬೇಕು. ನಂಜಮಣಿ ಪಕ್ಕದವಳೊಡನೆ ಮಾತಾಡುತ್ತಲೇ, ಬೇಸಿನ್ನಿನತ್ತ ನೋಡದೆಯೇ ಹುಡುಕುತ್ತಿದ್ದಳು. ಅವಳು ಹಾಕಿದ ಗಂಟು ನೂಲಿನಲ್ಲಿ ಎಲ್ಲಿದೆ ಎಂದು ಮೇಸ್ತ್ರಿಗೂ ಗೊತ್ತಾಗುತ್ತಿರಲಿಲ್ಲ. ಆ ಜಾಗ ಅವಳಿಗೆ ಕೆಲಸಕ್ಕಿಂತ ಹೆಚ್ಚು. ಊರಲ್ಲಿ ಯಾರಾದರೂ ಅವಳನ್ನು ಗುರುತಿಸಬೇಕಾದರೆ ‘ಸಣ್ಣ ನೂಲಿನ ನಂಜಮಣಿ’ ಎನ್ನುತ್ತಿದ್ದರು.

ಒಂದು ಮಳೆಗಾಲ ಅವಳ ಕೈ ಕೆಟ್ಟಿತು. ಬೆರಳ ತುದಿ ಬೆಳ್ಳಗೆ ಊದಿ, ಸುಲಿದು, ಉಗುರಿನ ಅಂಚಿನಲ್ಲಿ ರಕ್ತ ಜಿನುಗತೊಡಗಿತು. ನೂಲು ತೆಗೆಯುವ ಎಲ್ಲರ ಕೈಯೂ ಅಷ್ಟೋ ಇಷ್ಟೋ ಸುಲಿಯುತ್ತದೆ. ಹರಳೆಣ್ಣೆ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ಹದಕ್ಕೆ ಬರುತ್ತದೆ. ಇದು ಬರಲಿಲ್ಲ.

ಒಂದು ಮಧ್ಯಾಹ್ನ ಅವಳು ಸ್ಟೀಲ್ ಲೋಟದಲ್ಲಿ ನೀರು ಹಿಡಿದುಕೊಂಡು ನನ್ನ ಕೋಣೆಗೆ ಬಂದಳು.

“ಸಾ, ಬಾವಿ ನೀರು ಕೆಟ್ಟೋಗದ ಕನ. ವಸಿ ನೋಡಿ ಸಾ.”

ಪಶುಪತಪ್ಪ ಕನ್ನಡಕ ಏರಿಸಿಕೊಂಡರು. “ಬೆಳಿಗ್ಗೆ ತಾನೇ ನೋಡಿದೀನಲ್ಲಮ್ಮ. ನೀರು ಚೆನ್ನಾಗಿದೆ.”

“ನೀವು ನೋಡಿದ್ದು ನಲ್ಲೀದು. ಇದು ನನ್ ಬೇಸಿನ್ದು.” ಅವಳು ಲೋಟವನ್ನು ಮೇಜಿನ ಮೇಲಿಟ್ಟು ಎರಡೂ ಕೈ ಚಾಚಿದಳು. “ಇದ ನೋಡಿ. ಚೆನ್ನಾಗಿರ ನೀರು ಹಿಂಗ ಮಾಡದಾ?”

ಅವರು ಆ ಕೈಗಳನ್ನು ಬಹಳ ಹೊತ್ತು ನೋಡಲಿಲ್ಲ, ಬೇಗ ಕಣ್ಣು ತೆಗೆದರು. ನಲ್ಲಿ ನೀರನ್ನು ಮಾತ್ರ ಪರೀಕ್ಷಿಸಬೇಕೆಂಬುದು ಅಲ್ಲಿಯ ರೂಢಿ. ಬೇಸಿನ್ನಿನ ನೀರನ್ನು ಯಾರೂ ಕೇಳಿರಲಿಲ್ಲ, ಅವರೂ ನೋಡಿರಲಿಲ್ಲ. “ಇರಲಿ, ತಾ,” ಎಂದರು.

ಮೊದಲ ಮದ್ದಿನ ತೊಟ್ಟು ಬಿದ್ದ ಕೂಡಲೇ ಬುಡ್ಡಿಯ ನೀರು ದಾಸವಾಳದ ಹಾಗೆ ಕೆಂಪೇರಿತು. ಪಶುಪತಪ್ಪ ನನ್ನ ಬಿರಡೆ ತಿರುಗಿಸಿ ಆಮ್ಲ ಬಿಟ್ಟರು. ನಾನು ಇಳಿದೆ, ಇನ್ನೂ ಇಳಿದೆ. ಬಣ್ಣ ಹೋಗಲೊಲ್ಲದು. ಒಂದು ಬುಡ್ಡಿ ನೀರಿಗೆ ಅಷ್ಟು ಆಮ್ಲವನ್ನು ನಾನು ಹಿಂದೆಂದೂ ಸುರಿದಿರಲಿಲ್ಲ. ಮತ್ತೆ ತುಂಬಿ ಮತ್ತೊಮ್ಮೆ ಮಾಡಿದರು. ಅದೇ ಉತ್ತರ.

“ಇದು ಬಾವೀದಲ್ಲ ನಂಜಮಣಿ. ಮಧ್ಯಾಹ್ನದ ಹೊತ್ತಿಗೆ ಬೇಸಿನ್ ನೀರಿಗೆ ಹುಳದ ರಸ ಸೇರಿ ಕ್ಷಾರ ಇಳೀಬೇಕು. ಇಲ್ಲಿ ಏರಿದೆ. ಅಂದ್ರೆ ಬಾನಿಗೆ ಯಾರೋ ಸೋಡಾ ಹಾಕ್ತಿದಾರೆ, ಬಟ್ಟೆ ಸೋಡಾ. ಗೂಡು ಬೇಗ ಮೆತ್ತಗಾಗ್ಲಿ ಅಂತ.”

ನಂಜಮಣಿ ಕಿಟಕಿಯಿಂದಾಚೆ ನೋಡಿದಳು. ನಾನೂ ನೋಡಿದೆ. ಶಿವಮ್ಮ ಬಾನಿಯ ಮೇಲೆ ಬಾಗಿ ಸೌಟಿನಿಂದ ಗೂಡು ತಿರುವುತ್ತಿದ್ದಳು. ಮುಖ ಹಬೆಯೊಳಕ್ಕೆ ಇಳಿದಿತ್ತು, ಯಾರೂ ಇಳಿಸದಷ್ಟು ಹತ್ತಿರಕ್ಕೆ. ಗೂಡು ಬೆಂದದ್ದು ಬಣ್ಣದಿಂದ ತಿಳಿಯಬೇಕು. ಬೆಳ್ಳಗಿದ್ದದ್ದು ಒದ್ದೆ ಕಾಗದದ ಹಾಗೆ ಮಸುಕಾಗಿ ತೋರಿದಾಗ ತೆಗೆಯಬೇಕು. ಶಿವಮ್ಮ ಆ ಬಣ್ಣವನ್ನು ಕಣ್ಣಲ್ಲಿ ತಡಕುತ್ತಿದ್ದಳು. ಹತ್ತಾರು ವರ್ಷದ ಹಬೆ ಅವಳ ಕಣ್ಣಿಗೆ ಪೊರೆ ಕಟ್ಟಿತ್ತು. ಸೋಡಾ ಹಾಕಿದರೆ ಕಣ್ಣು ಬೇಕಾಗಿಲ್ಲ, ಎಲ್ಲ ಗೂಡೂ ತಾನಾಗಿ ಮೆತ್ತಗಾಗುತ್ತದೆ. ಅವಳ ಕೈಯಲ್ಲಿ ಸೌಟಿತ್ತು. ಆ ನೀರಿನಲ್ಲಿ ಅವಳು ಬೆರಳು ಅದ್ದುತ್ತಿರಲಿಲ್ಲ; ಎತ್ತಿದ ಮೇಲೆ ಒಂದೆರಡು ಗೂಡು ಹಿಸುಕಿ ನೋಡುವಳು, ಅಷ್ಟೆ.

ನಂಜಮಣಿ ತಿರುಗಿದಾಗ ದನಿ ಇಳಿದಿತ್ತು. “ಸಾ, ಬಾವಿ ನೀರೇ ಸರಿ ಇಲ್ಲ ಅಂತ ಬರದ್‌ಬುಡಿ.”

“ಹೆಂಗಮ್ಮ ಬರೀಲಿ? ಬಾವಿ ಏನು ತಪ್ಪು ಮಾಡಿದೆ?”

“ಬಾವಿನ ಯಾರೂ ಕೆಲಸದಿಂದ ತಗದಾಕಲ್ಲ ಸಾ.”

ಪಶುಪತಪ್ಪ ಕೂತರು, ಎದ್ದರು. ನನ್ನನ್ನು ಸ್ಟ್ಯಾಂಡಿನಿಂದ ಬಿಚ್ಚಿ ನೀರಿನಲ್ಲಿ ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು. “ಸುಳ್ಳು ಬರೆಯಲ್ಲ. ಇದನ್ನೂ ಬರೆಯಲ್ಲ. ಹೋಗು,” ಎಂದರು. ಬುಡ್ಡಿಯ ನೀರು ಮೋರಿಗೆ ಹೋಯಿತು.

ಆದರೂ ಅವರು ಸುಮ್ಮನಿದ್ದುಬಿಡಲಿಲ್ಲ. ಮಾರನೆ ಬೆಳಿಗ್ಗೆ ಬಾನಿಗಳ ಸಾಲಿನ ಮುಂದೆ ನಿಂತು, ಯಾರ ಮುಖವನ್ನೂ ನೋಡದೆ, “ಬಾನಿಗೆ ಸೋಡಾ ಹಾಕಿದ್ರೆ ನೂಲು ಕೆಡುತ್ತೆ. ಯಾರೂ ಹಾಕಬಾರದು,” ಎಂದರು. ನಂಜಮಣಿಯ ಕೈಯ ಮಾತು ಎತ್ತಲಿಲ್ಲ.

ಶಿವಮ್ಮನೇ ಎಲ್ಲರಿಗಿಂತ ಮೊದಲು ಬಾಯಿ ತೆಗೆದದ್ದು. “ನಮಗ್ಯಾಕಪ್ಪ ಹೇಳೀರಿ? ನಾನು ಈ ಬಾನಿಗ ಬಂದಾಗ ನೀವಿನ್ನೂ ಚಡ್ಡಿ ಹಾಕಕ ಕಲೀತಿದ್ದಿರೇನೋ.”

ಎಲ್ಲರೂ ನಕ್ಕರು, ಪಶುಪತಪ್ಪನವರೂ ನಕ್ಕರು. ಸೋಡಾ ಕಟ್ಟಿಕೊಂಡು ಬರುತ್ತಿದ್ದ ಸೊಂಟದ ಗಂಟನ್ನು ಶಿವಮ್ಮ ಅಂದು ಬಿಚ್ಚಲಿಲ್ಲ. ಮಾತು ಅವಳಿಗೆ ತಾಕಿತ್ತು.

ಸೋಡಾ ಇಲ್ಲದೆ ಗೂಡು ಕೆಟ್ಟವು. ಒಂದು ಸಲ ಹಸಿಯಾಗಿ ಬಂದವು, ಇನ್ನೊಂದು ಸಲ ಕರಗಿ ಮುದ್ದೆಯಾದವು. ಬೇಸಿನ್ನಿನಲ್ಲಿ ಗೂಡುಗಳು ಎಳೆ ಬಿಡದೆ ಕಪ್ಪೆಗಳ ಹಾಗೆ ಎಗರಾಡಿದವು. ನಂಜಮಣಿ ಹರಿದ ಎಳೆಗಳನ್ನು ಕಾಲ ಕೆಳಗೆ ಮರೆ ಮಾಡುತ್ತಿದ್ದಳು. ಆದರೆ ಮೇಸ್ತ್ರಿ ನಿಂಗರಾಜು ಅಂಥದಕ್ಕೇ ಕಾದಿದ್ದವನು. ಅವನ ಅತ್ತಿಗೆಗೆ ಆ ಬಾನಿಯ ಮೇಲೆ ಕಣ್ಣಿತ್ತು. ಅದು ಊರಿಗೆಲ್ಲ ಗೊತ್ತಿತ್ತು.

“ಏನಮ್ಮೋ ಶಿವಮ್ಮ, ಗೂಡು ಬೇಯಿಸ್ತಿದ್ದೀಯೋ, ಎಣ್ಣೆ ನೀರು ಹಾಕ್ತಿದ್ದೀಯೋ?”

“ಬಾಯಿ ಮುಚ್ಚಲೋ ನಿಂಗ. ಗೂಡೇ ಕಚ್ಚಾ ಬಂದವ.”

“ಗೂಡು ಕಚ್ಚಾನೋ, ಕಣ್ಣು ಕಚ್ಚಾನೋ? ವಾರದ ಸಂತೆವರ್ಗ ನೋಡ್ತೀನಿ. ಹಿಂಗೇ ಆದ್ರ ಮನೇಲಿ ಕೂತ್ಕಂಡು ಮಕ್ಕಳಿಗ ಕತೆ ಹೇಳು.”

ಶಿವಮ್ಮನಿಗೆ ಕತೆ ಹೇಳಲು ಮಕ್ಕಳಿರಲಿಲ್ಲ. ನಿವೃತ್ತಿಗೆ ಇನ್ನೂ ಕೆಲವು ವರ್ಷವಿತ್ತು. ನಡುವೆ ತೆಗೆದುಹಾಕಿದರೆ ಬರಿಗೈ. ಅದಕ್ಕಿಂತ ಮಿಗಿಲಾಗಿ, ಬಾನಿಯಿಲ್ಲದ ಶಿವಮ್ಮ ಎಂದರೆ ಏನು ಎಂದು ಅವಳಿಗೇ ಗೊತ್ತಿರಲಿಲ್ಲ. ಆ ಸಂಜೆ ಎಲ್ಲರೂ ಹೋದ ಮೇಲೆಯೂ ಅವಳು ಆರಿದ ಬಾನಿಯ ಮುಂದೆ ಸೌಟು ಹಿಡಿದು ಕೂತಿದ್ದಳು.

ಮಾರನೆ ಬೆಳಿಗ್ಗೆ ನಂಜಮಣಿ ಎಲ್ಲರಿಗಿಂತ ಮುಂಚೆ ಬಂದಳು. ನೆಟ್ಟಗೆ ಬಾನಿಯ ಹತ್ತಿರ ಹೋಗಿ, ಸುತ್ತ ನೋಡಿ, ಸೆರಗಿನೊಳಗಿಂದ ಕಾಗದದ ಪೊಟ್ಟಣ ತೆಗೆದು ನೀರಿಗೆ ಸುರಿದಳು. ಕೋಲಿನಿಂದ ಕಲಕಿದಳು. ಕಾಗದವನ್ನು ಒಲೆಗೆ ಹಾಕಿದಳು. ತಲೆ ಎತ್ತಿದಾಗ ಕಿಟಕಿಯಲ್ಲಿ ಪಶುಪತಪ್ಪ ನಿಂತಿದ್ದರು. ನಲ್ಲಿ ನೀರು ಹಿಡಿಯಲು ಅವರೂ ಬೇಗ ಬಂದಿದ್ದರು.

ಅವಳು ಕೈ ಮುಗಿಯಲಿಲ್ಲ, ಕೇಳಿಕೊಳ್ಳಲೂ ಇಲ್ಲ, ಸುಮ್ಮನೆ ನೋಡಿದಳು. ಅವರು ಕಿಟಕಿಯ ಕದವನ್ನು ಮೆಲ್ಲಗೆ ಮುಂದಕ್ಕೆ ಎಳೆದರು. ಹಳೇ ಕದ, ಪೂರ್ತಿ ಮುಚ್ಚುತ್ತಿರಲಿಲ್ಲ. ನನಗೆ ಸಂದಿಯಲ್ಲಿ ಕಾಣುತ್ತಲೇ ಇತ್ತು.

ಅಂದು ಗೂಡು ಚೆನ್ನಾಗಿ ಬೆಂದವು. ಶಿವಮ್ಮನ ಗಂಟಲು ಮತ್ತೆ ಗಟ್ಟಿಯಾಯಿತು.

“ನೋಡ್ದಾ ಮಗ! ಸೋಡಾನೂ ಬ್ಯಾಡ, ಗೀಡಾನೂ ಬ್ಯಾಡ. ಏನೋ ನಾಕು ದಿನ ಕೈ ತಪ್ಪಿತ್ತು. ಕೈಯಳತೆ ಎಲ್ಲಿಗೋದದು?”

“ಅದ್ಕೇ ಮತ್ತ, ನಿನ್ ಕೈ ಯಾರಿಗ ಬಂದದು ಚಿಕ್ಕವ್ವ,” ಎಂದಳು ನಂಜಮಣಿ, ಬೇಸಿನ್ನಿನೊಳಕ್ಕೆ ಬೆರಳು ಇಳಿಸುತ್ತ.

ನಿಂಗರಾಜು ಬಂದು ನೋಡಿ, ಒಲೆಯಲ್ಲಿ ಬೀಡಿ ಹಚ್ಚಿಕೊಂಡು ಹೋದ.

ಹೀಗೆ ವರ್ಷಗಳು ನಡೆದವು. ನಂಜಮಣಿಯ ಪೊಟ್ಟಣ ತಪ್ಪಲಿಲ್ಲ. ಪಶುಪತಪ್ಪನವರ ನಲ್ಲಿ ನೀರೂ ತಪ್ಪಲಿಲ್ಲ. ಅವರು ಬಗ್ಗಿ ನನ್ನ ಗೆರೆ ನೋಡುವರು, ಬಾವಿ ಚೆನ್ನಾಗಿದೆ ಎಂದು ಬರೆಯುವರು. ಅದು ಸುಳ್ಳಲ್ಲ. ನಾನು ಹೇಳಿದ್ದೂ ಸುಳ್ಳಲ್ಲ. ಆದರೆ ಬಾವಿಯಿಂದ ಬೇಸಿನ್ನಿಗೆ ಬರುವಷ್ಟರಲ್ಲಿ ನೀರು ಬೇರೆಯಾಗುತ್ತಿತ್ತು. ಆ ಬೇರೆ ನೀರನ್ನು ಯಾರೂ ನನ್ನ ಕೆಳಗೆ ಇಡುತ್ತಿರಲಿಲ್ಲ.

ನಂಜಮಣಿಯ ಬೆರಳ ಹುಣ್ಣು ಮಾಯಿತು, ಮತ್ತೆ ಸುಲಿಯಿತು, ಮತ್ತೆ ಮಾಯಿತು. ಪ್ರತಿ ಸಲವೂ ಹೊಸ ಚರ್ಮ ಇನ್ನಷ್ಟು ನುಣುಪಾಗಿ ಬಂತು. ಮಾತಾಡುತ್ತಲೇ ಎಳೆ ಹುಡುಕುತ್ತಿದ್ದವಳು ಮೊದಲು ಮಾತು ಬಿಟ್ಟಳು. ಆಮೇಲೆ ಬೇಸಿನ್ನಿನತ್ತ ನೋಡತೊಡಗಿದಳು. ಕೊನೆಕೊನೆಗೆ ಕಣ್ಣನ್ನು ನೀರಿಗೆ ತಾಕುವಷ್ಟು ಇಳಿಸಿ, ಎಳೆ ಸಿಕ್ಕಿತೋ ಇಲ್ಲವೋ ತಿಳಿಯದೆ ಗೂಡನ್ನು ಮತ್ತೆ ಮತ್ತೆ ಸವರುತ್ತಿದ್ದಳು.

“ಎಣ್ಣೆ ಹಚ್ಚು ಅಂದ್ರ ಕೇಳಲ್ಲ ಕನ ನೀನು,” ಎಂದು ಶಿವಮ್ಮ ಬಾನಿಯ ಕಡೆಯಿಂದಲೇ ಗದರುವಳು. “ನನ್ ವಯಸ್ಸಾದಾಗ ಏನ್ ಮಾಡೀಯ?”

ಶಿವಮ್ಮ ನಿವೃತ್ತಳಾದ ದಿನ ಅಂಗಳದಲ್ಲಿ ಶಾಮಿಯಾನ ಹಾಕಿದರು. ಸೀರೆ, ತೆಂಗಿನಕಾಯಿ ಕೊಟ್ಟರು. ದೊಡ್ಡವರೊಬ್ಬರು ಎದ್ದು ನಿಂತು, ಗೂಡು ಬೇಯಿಸುವುದರಲ್ಲಿ ಶಿವಮ್ಮನವರ ಕೈಯಳತೆ ಮುಂದಿನವರಿಗೆ ಪಾಠವಾಗಬೇಕು ಎಂದರು. ಚಪ್ಪಾಳೆ ಬಿತ್ತು. ನಂಜಮಣಿಯೂ ತಟ್ಟಿದಳು. ಪಶುಪತಪ್ಪ ಚಪ್ಪಾಳೆಗೆ ಮುಂಚೆಯೇ ಎದ್ದು ನನ್ನ ಕೋಣೆಗೆ ಬಂದು ಕೂತಿದ್ದರು.

ಆ ವರ್ಷವೇ ನಂಜಮಣಿಯ ಜಾಗ ಹೋಯಿತು. ಬಾನಿಗೆ ಸೋಡಾ ನಿಂತಿತ್ತು, ಗೂಡು ಸರಿಯಾಗಿಯೇ ಬರುತ್ತಿದ್ದವು. ಆದರೆ ಬೆರಳಿಗೆ ಎಳೆ ಸಿಗುತ್ತಿರಲಿಲ್ಲ. ನೂಲಿನ ತುಂಬ ಗಂಟು. ಬೇರೆಯವಳನ್ನು ಆ ಬೇಸಿನ್ನಿಗೆ ಕೂರಿಸಿ, ಅವಳನ್ನು ರೇಷ್ಮೆ ಕಸ ಗುಡಿಸುವ ಕಡೆಗೆ ಹಾಕಿದರು. ಸಂಬಳವೇನೂ ಹೋಗಲಿಲ್ಲ, ಹೆಸರು ಹೋಯಿತು. ಹೊಸದಾಗಿ ಬಂದವರು ಅವಳನ್ನು ಕಸದ ನಂಜಮಣಿ ಎಂದರು. ಅವಳು ಅದಕ್ಕೂ ಓಗೊಟ್ಟಳು.

ಪಶುಪತಪ್ಪನವರ ಸರದಿಯೂ ಬಂತು. ಕೊನೆಯ ದಿನ ಅವರು ನನ್ನನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬಳಿ ನಿಂತರು. ಆ ಕೋಣೆಯಲ್ಲಿ ಒಬ್ಬರೇ ಇದ್ದಾಗ ಗಟ್ಟಿಯಾಗಿ ಮಾತಾ‌ಡುವುದು ಅವರ ಅಭ್ಯಾಸ.

“ಆ ಬಾನಿಗೆ ಎಷ್ಟು ಸೋಡಾ ಸಾಕು ಅಂತಾದ್ರೂ ನೋಡಿ ಹೇಳಬಹುದಿತ್ತು,” ಎಂದರು. “ಒಂದು ಚಿಟಿಕೆಯಲ್ಲಿ ಆಗೋದಕ್ಕೆ ಪಾಪ ಪೊಟ್ಟಣ ಸುರೀತಿದ್ಲು.”

ನಾನು ಆ ಮಾತನ್ನು ಈಗಲೂ ಮರೆತಿಲ್ಲ. ಅದು ನಿಜ. ಗೂಡು ಮೆತ್ತಗಾಗುವಷ್ಟು, ಬೆರಳು ಉಳಿಯುವಷ್ಟು ಒಂದು ಅಳತೆ ಇದ್ದೇ ಇತ್ತು. ನನ್ನ ಸೊನ್ನೆಗೂ ಐವತ್ತಕ್ಕೂ ನಡುವೆ ಎಲ್ಲೋ ಒಂದು ಗೆರೆಯಲ್ಲಿ ಅದು ಇತ್ತು. ಒಂದು ಬೆಳಗಿನ ಕೆಲಸ. ಬಾನಿಯ ನೀರು ತರಬೇಕಿತ್ತು, ಚಿಟಿಕೆ ಚಿಟಿಕೆಯಾಗಿ ಹಾಕಿ ನೋಡಬೇಕಿತ್ತು. ಅವರಿಗೆ ತಪ್ಪು ಹಿಡಿಯುವುದೊಂದು ಗೊತ್ತಿತ್ತು, ಕರುಣೆಯಿಂದ ಕದ ಎಳೆಯುವುದೊಂದು ಗೊತ್ತಿತ್ತು. ಈ ಎರಡರ ನಡುವಿನ ಕೆಲಸಕ್ಕೇ ನಾನು ಹುಟ್ಟಿದ್ದು. ಅದು ಹೊಳೆಯುವ ಹೊತ್ತಿಗೆ ಅವರ ಕೊರಳಲ್ಲಿ ಬೀಳ್ಕೊಡುಗೆಯ ಹಾರ ಬಿದ್ದಿತ್ತು. ನಾನೋ, ಗಾಜು. ಕೇಳದೆ ಹೇಳುವ ಬಾಯಿ ನನಗಿಲ್ಲ.

ಮುಂದೆ ಫ್ಯಾಕ್ಟರಿಗೂ ಕಾಲ ಮುಗಿಯಿತು. ಹೊರಗಿನ ಅಗ್ಗದ ನೂಲು ಬಂತು, ಒಲೆಗಳು ಆರಿದವು. ತಾಮ್ರ, ಕಬ್ಬಿಣ ಎಲ್ಲ ಲಾರಿ ಹತ್ತಿ ಹೋಯಿತು. ಗಾಜನ್ನು ಕೇಳುವವರಿರಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಜೇಡ ನನ್ನ ಬಾಯಿಗೇ ಬಲೆ ಕಟ್ಟಿತು.

ಎಷ್ಟೋ ಕಾಲದ ಮೇಲೆ ಆ ಕಟ್ಟಡವನ್ನು ಹೈಸ್ಕೂಲಿಗೆ ಕೊಟ್ಟರು. ನನ್ನ ಕೋಣೆ ವಿಜ್ಞಾನದ ಕೋಣೆಯಾಯಿತು. ಸಗಾಯಮೇರಿ ಟೀಚರು ನನ್ನನ್ನು ಧೂಳಿನಿಂದ ಎತ್ತಿ ಬೆಳಕಿಗೆ ಹಿಡಿದು, “ಅಯ್ಯೋ, ಚೆನ್ನಾಗಿದೆಯಲ್ಲ!” ಎಂದಾಗ ನನಗೆ ಮತ್ತೊಮ್ಮೆ ಹುಟ್ಟಿದಂತಾಯಿತು. ಮಕ್ಕಳು ಕೆರೆ ನೀರು, ಬೋರಿನ ನೀರು, ಬೀದಿ ತೊಂಬೆಯ ನಲ್ಲಿ ನೀರು ಎಲ್ಲ ತಂದರು. ಹಳದಿ ಕಿತ್ತಳೆಯಾದಾಗ ಹೋ ಎಂದು ಕೂಗಿದರು. ಒಬ್ಬಳು ತಮ್ಮ ಮನೆಯ ಮೀನಿನ ಬಾಟಲಿಯ ನೀರನ್ನೂ ತಂದಿದ್ದಳು, ಮೀನಿನ ಸಮೇತ.

ಆ ಶಾಲೆಯ ಬಿಸಿಯೂಟಕ್ಕೆ ಅನ್ನ ಬೇಯಿಸುತ್ತಿದ್ದವಳು ನಂಜಮಣಿ. ತಲೆ ನರೆತಿತ್ತು. ಮೊದಲಿನ ಬಾನಿಗಳಿದ್ದ ಜಾಗದಲ್ಲೇ ಈಗ ಅಡುಗೆ ಕೋಣೆ. ಪೂರ್ತಿ ಕುರುಡಿಯಾದ ಶಿವಮ್ಮನನ್ನು ಅವಳೇ ಮನೆಯಲ್ಲಿಟ್ಟುಕೊಂಡಿದ್ದಳು. ಮಧ್ಯಾಹ್ನ ಮಿಕ್ಕ ಸಾರನ್ನು ಡಬ್ಬಿಯಲ್ಲಿ ಒಯ್ಯುವಳು.

ಕೆಲವು ವರ್ಷ ಹಾಗೆ ದುಡಿದೆ. ಒಂದು ದಿನ ತೊಳೆಯುವಾಗ ನನ್ನ ಮೂತಿ ನಲ್ಲಿಗೆ ತಾಗಿ ಮುರಿಯಿತು. ಟೀಚರು ಅಂಟು ಹಾಕಿ ನೋಡಿದರು, ನಿಲ್ಲಲಿಲ್ಲ. ತೊಟ್ಟು ಬಿಡಲಾಗದ ಕೊಳವೆಗೆ ಎಷ್ಟು ಗೆರೆಯಿದ್ದರೇನು? ಎಸೆಯಲು ಮನಸ್ಸಾಗದೆ, ಮೂಲೆಯ ಸ್ಟ್ಯಾಂಡಿಗೆ ಕಚ್ಚಿಸಿ ಬಿಟ್ಟರು. ಅಂದಿನಿಂದ ಇಲ್ಲೇ ಇದ್ದೇನೆ.

ಇಲ್ಲಿಂದಲೇ ನಾನು ಕಡೆಯದಾಗಿ ಅವರಿಬ್ಬರನ್ನು ಒಟ್ಟಿಗೆ ನೋಡಿದ್ದು. ರೇಷನ್ ಕಾರ್ಡಿಗೆ ಬೆರಳಿನ ಗುರುತು ಕೊಡಬೇಕೆಂದು ಊರಿನವರನ್ನೆಲ್ಲ ಶಾಲೆಗೆ ಕರೆದಿದ್ದರು. ವಿಜ್ಞಾನದ ಕೋಣೆಯಲ್ಲಿ ಕರೆಂಟು ಸರಿಯಾಗಿದ್ದದ್ದರಿಂದ ಯಂತ್ರವನ್ನು ಇಲ್ಲಿಯೇ ಇಟ್ಟರು. ನಂಜಮಣಿ ಶಿವಮ್ಮನನ್ನು ಕೈಹಿಡಿದು ಕರೆತಂದಳು.

ಯಂತ್ರದವನು ಮೊದಲು ಶಿವಮ್ಮನ ಹೆಬ್ಬೆರಳನ್ನು ಒತ್ತಿಸಿದ. ಹಸಿರು ದೀಪ ಹತ್ತಿತು.

“ಅಜ್ಜೀದು ಒಂದೇ ಸಲಕ್ಕೆ ತಗೊಂತು ನೋಡಿ!” ಎಂದ ಅವನು.

“ಸೌಟು ಹಿಡಿದ ಕೈ ಕನಪ್ಪ,” ಎಂದಳು ಶಿವಮ್ಮ, ಹೆಮ್ಮೆಯಿಂದ.

ನಂಜಮಣಿಯದು ಕೆಂಪು. ಅವನು ಬೆರಳು ಒರೆಸಿಸಿದ, ತಲೆಗೂದಲಿಗೆ ಉಜ್ಜಿಸಿದ, ಹತ್ತೂ ಬೆರಳು ಒಂದೊಂದಾಗಿ ಇಡಿಸಿದ. ಕೆಂಪು. “ಏನಮ್ಮ, ಬೆರಳಲ್ಲಿ ಗೆರೆನೇ ಇಲ್ವಲ್ಲ! ಕಣ್ಣು ಹಿಡಿಯೋ ಮಿಷನ್ ಮುಂದಿನ ತಿಂಗಳು ಬರುತ್ತೆ, ಆಗ ಬಾ. ಅಲ್ಲೀವರ್ಗೂ ನಿನ್ನ ಪಾಲಿನ ಅಕ್ಕಿ ಬರಲ್ಲ.”

“ಆಗ್ಲಿ ಬುಡಿ ಸಾ,” ಎಂದು ನಂಜಮಣಿ ಎದ್ದಳು.

ಶಿವಮ್ಮ ಏಳಲಿಲ್ಲ. “ಏನಂತ? ಗೆರೆ ಇಲ್ವಂತಾ? ಎಲ್ಲಿ, ಕೊಡು ಇಲ್ಲಿ.”

“ವಯಸ್ಸಾಯ್ತಲ್ಲ ಚಿಕ್ಕವ್ವ, ಸವದೋಗದ.”

“ನಂಗಿಂತ್ಲಾ?”

ಮುದುಕಿ ಗಾಳಿಯಲ್ಲಿ ತಡಕಿ ನಂಜಮಣಿಯ ಕೈ ಹಿಡಿದುಕೊಂಡಳು. ಎರಡು ಬೆರಳ ನಡುವೆ ಅವಳ ಬೆರಳ ತುದಿಗಳನ್ನು ಒಂದೊಂದಾಗಿ ತೆಗೆದುಕೊಂಡು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಸೌಟಿನಿಂದ ಎತ್ತಿದ ಗೂಡನ್ನು ಬೇಸಿನ್ನಿಗೆ ಕಳಿಸುವ ಮುನ್ನ ಹದ ನೋಡುವುದು ಹಾಗೆಯೇ. ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ನೋಡಿ, ಇನ್ನೊಂದು ಕೈಯನ್ನೂ ಎಳೆದುಕೊಂಡು ನೋಡಿದಳು.

“ಬೆಂದೋಗವ ಕನ ಇವು,” ಎಂದಳು.

ಸಾಲಿನಲ್ಲಿ ನಿಂತಿದ್ದ ಒಬ್ಬಿಬ್ಬರು ನಕ್ಕರು, ಮುದುಕಿಗೆ ಅರುಳುಮರುಳು ಎಂದುಕೊಂಡು. ಶಿವಮ್ಮ ಅವರತ್ತ ತಿರುಗಲಿಲ್ಲ. ಬೆಳಕಿಲ್ಲದ ಕಣ್ಣನ್ನು ನಂಜಮಣಿಯ ಮುಖವಿರಬೇಕಾದ ಕಡೆಗೆ ಎತ್ತಿದಳು.

“ಯಾವ ಬಾನೀಲಿ ಬೆಂದ್ವು ಮಗ?”

“ಏಳು ಚಿಕ್ಕವ್ವ. ಅನ್ನಕ್ಕ ಎಸರಿಡಬೇಕು, ಮಕ್ಕಳು ಬಂದವು.”

ಶಿವಮ್ಮ ಎದ್ದಳು. ಬರುವಾಗ ನಂಜಮಣಿ ಅವಳ ಕೈ ಹಿಡಿದಿದ್ದಳು. ಹೋಗುವಾಗ ಮುದುಕಿಯೇ ಅವಳ ಹತ್ತು ಬೆರಳನ್ನೂ ತನ್ನೆರಡು ಅಂಗೈಯೊಳಗೆ ಮುಚ್ಚಿ ಹಿಡಿದಿದ್ದಳು. ಹಾಗೆ ನಡೆಯುವುದು ಇಬ್ಬರಿಗೂ ಕಷ್ಟ. ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡರು, ಮೆಟ್ಟಿಲಲ್ಲಿ ತಡವರಿಸಿದರು. ಆದರೂ ಬಿಡಲಿಲ್ಲ.

ಅದಾಗಿ ಎರಡು ಮಳೆಗಾಲ ಕಳೆದಿವೆ. ಶಿವಮ್ಮ ಈಗಿಲ್ಲ ಎಂದು ಮಕ್ಕಳ ಮಾತಿನಿಂದ ತಿಳಿಯಿತು. ಆ ಪ್ರಶ್ನೆಯನ್ನು ಅವಳು ಮನೆಗೆ ಹೋಗಿ ಮತ್ತೆ ಕೇಳಿದಳೋ, ನಂಜಮಣಿ ಏನೆಂದಳೋ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದು ಲೋಟ ನೀರು ಮಾತ್ರ. ಅದರ ಉತ್ತರವನ್ನು ನಾನು ಸರಿಯಾಗಿಯೇ ಹೇಳಿದ್ದೆ, ಒಂದು ತೊಟ್ಟೂ ಹೆಚ್ಚುಕಡಿಮೆಯಿಲ್ಲದೆ. ಸರಿಯಾಗಿ ಹೇಳಿದೆನಲ್ಲ ಎಂಬ ಸಮಾಧಾನ ಮಾತ್ರ ಈ ಮೂಲೆಯಲ್ಲಿ ಇಷ್ಟು ದಿನ ಕೂತರೂ ನನಗೆ ಬಂದಿಲ್ಲ.